ಸೀಟ್ ಬೆಲ್ಟಿನೊಳಗಿನ ಕೆಸರು

ಒಬ್ಬ ಪ್ರವಚನಕಾರ, ನೀರಲ್ಲಿ ಮುಳುಗಿದ್ದ ಕಾರೊಂದನ್ನು, ಅದು ಮುಳುಗಿದ್ದು ಗೊತ್ತಿದ್ದೂ ಹೇಳದೆ, ರೊಟ್ಟಿ ಬಡಿದು ಮಾರುವ ಒಬ್ಬ ಹೆಣ್ಣುಮಗಳಿಗೆ ಮಾರಿದ.

ಯಾವ ಊರಲ್ಲಿ ಎಂದು ಕೇಳಬೇಡಿ. ನಮ್ಮೂರಿನಂಥದ್ದೇ ಒಂದು ಊರು. ಅಲ್ಲೂ ಹೀಗೇ ಶ್ರಾವಣ, ಹೀಗೇ ಒಂದು ತಿಂಗಳ ಪ್ರವಚನ, ಮುಂದಿನ ಸಾಲಿನಲ್ಲಿ ಕಮಿಟಿಯವರು, ಹಿಂದಿನ ಸಾಲಿನಲ್ಲಿ ನಿದ್ದೆ. ಆ ಪ್ರವಚನಕಾರನಿಗೆ ಹಣೆ ಅಗಲ. ನೋಡಿ, ಹೆಚ್ಚುಕಡಿಮೆ ಇಷ್ಟೇ ಅಗಲ. ವಿಭೂತಿಗೆಂದೇ ದೇವರು ಬಿಟ್ಟ ಜಾಗ ಎಂದು ಅವನ ನಂಬಿಕೆ. ಆ ಶ್ರಾವಣದಲ್ಲಿ ಅವನು ಆರಿಸಿಕೊಂಡ ವಿಷಯ ಯಾವುದು ಗೊತ್ತೇ? ಸತ್ಯ. ಮೂವತ್ತು ದಿನವೂ ಸತ್ಯ.

ಅವನಿಗೆ ಕಾರು ಯಾಕೆ ಬೇಕಿತ್ತು? ಬಸ್ಸಿಳಿದು ಬರುವ ಪ್ರವಚನಕಾರನಿಗೆ ಹತ್ತಿಯ ಶಾಲು ಹೊದಿಸುತ್ತಾರೆ, ಕಾರಿಳಿದು ಬರುವವನಿಗೆ ರೇಷ್ಮೆಯದು. ಇಷ್ಟೇ ಕಾರಣ. ಬ್ರೋಕರ್ ಒಬ್ಬ ಗಾಡಿ ತೋರಿಸಿದ. ‘ಡಾಕ್ಟರ್ ಗಾಡಿ ರೀ ಶರಣರ, ಒಂದ ಕೈಯಾಗ ಓಡಿದ್ದು’ ಅಂದ. ಡ್ಯಾಶ್‌ಬೋರ್ಡಿನ ಮೇಲೆ ಸಣ್ಣ ಬಸವಣ್ಣ ಇದ್ದ. ಪ್ರವಚನಕಾರ ಬಸವಣ್ಣನಿಗೆ ಕೈ ಮುಗಿದ, ಗಾಡಿ ತೆಗೆದುಕೊಂಡ. ಕಾಗದ ಓದಲಿಲ್ಲ. ಕಾಗದ ಓದುವುದು ಅನುಮಾನಪಿಶಾಚಿಗಳ ಕೆಲಸ ಎಂದು ಹೋದ ವರ್ಷ ವೇದಿಕೆ ಮೇಲೆ ಅವನೇ ಹೇಳಿದ್ದ. ನೀವೆಲ್ಲ ಚಪ್ಪಾಳೆ ಹೊಡೆದಿರಿ. ಅಂದರೆ, ಆ ಊರಿನವರು ಹೊಡೆದರು.

ಹದಿನೈದು ದಿನವಾಗಿರಲಿಲ್ಲ, ಹಾರ್ನ್ ಒತ್ತಿದರೆ ವೈಪರ್ ಆಡತೊಡಗಿತು. ಸುಡು ಬಿಸಿಲಲ್ಲಿ ಎಮ್ಮೆ ಅಡ್ಡ ಬಂದರೆ ಹಾರ್ನ್ ಸುಮ್ಮನೆ, ಗಾಜಿನ ಮೇಲೆ ಎರಡು ಕಡ್ಡಿ ಮಾತ್ರ ‘ಬೇಡ, ಬೇಡ’ ಎಂದು ಕೈಯಾಡಿಸುತ್ತಿದ್ದವು. ಎಮ್ಮೆ ನಿಂತು ನೋಡುತ್ತಿತ್ತು. ಮಿಸ್ತ್ರಿ ಹತ್ತಿರ ಒಯ್ದ. ಮಿಸ್ತ್ರಿ ಬಾನೆಟ್ ಮುಟ್ಟಲೇ ಇಲ್ಲ. ಸೀಟ್ ಬೆಲ್ಟ್ ಹಿಡಿದು ಎಳೆದ, ಎಳೆದ, ಕೊನೆ ಮುಟ್ಟುವ ತನಕ ಎಳೆದ. ಒಳಗೆ ಸುತ್ತಿಕೊಂಡಿದ್ದ ಕೊನೆಯ ಗೇಣಿನಲ್ಲಿ ಒಣಗಿದ ಕೆಸರು.

‘ಮ್ಯಾಲೆ ಎಲ್ಲಾ ತೊಳೀತಾರ್ರಿ, ಸೀಟ್ ಕವರ್ ಬದಲಿ ಮಾಡ್ತಾರ. ಬೆಲ್ಟಿನ ಹೊಟ್ಟಿಯೊಳಗಿಂದು ಯಾರೂ ತೊಳಿಯಂಗಿಲ್ಲ. ಇದು ಟೋಟಲ್ ಲಾಸ್ ಗಾಡಿ.’

ಹಾಗಂದರೇನು? ಕೇಳಿಸಿಕೊಳ್ಳಿ. ಗಾಡಿಯನ್ನು ಸರಿಮಾಡುವ ಖರ್ಚು ಗಾಡಿಯ ಬೆಲೆಯನ್ನೇ ನುಂಗುತ್ತದೆ ಎಂದಾದಾಗ, ವಿಮೆಯವರು ಮಾಲೀಕನಿಗೆ ಪರಿಹಾರ ಕೊಟ್ಟು, ಗಾಡಿ ಪೂರ್ತಿ ಹೋಯಿತು ಎಂದು ಕಾಗದದಲ್ಲಿ ಬರೆದುಬಿಡುತ್ತಾರೆ. ಗುಜರಿಯಾಗಿ ಕೊಂಡವನು ಅದನ್ನು ತೊಳೆದು, ಬಣ್ಣ ಹೊಡೆದು, ಮತ್ತೆ ರಸ್ತೆಗೆ ಬಿಡುತ್ತಾನೆ. ಕಾಗದದಲ್ಲಿ ಸತ್ತದ್ದು ಸಂತೆಯಲ್ಲಿ ಡಾಕ್ಟರ್ ಗಾಡಿಯಾಗುತ್ತದೆ.

ಪ್ರವಚನಕಾರ ಬ್ರೋಕರನ ಮೇಲೆ ಹರಿಹಾಯ್ದ. ಬ್ರೋಕರ್ ಚಹಾ ತರಿಸಿದ. ‘ಯಾಕ ಸಿಟ್ಟು ಮಾಡ್ಕೋತೀರಿ ಶರಣರ? ಬಸವಣ್ಣನ ಮೂರ್ತಿ ನೋಡಿ ನೀವು ತಗೊಂಡ್ರಿ. ನಿಮ್ಮ ಹಣಿ ನೋಡಿ ಇನ್ನೊಬ್ಬರು ತಗೋತಾರ. ನಿಮ್ಮ ಗಾಡಿ ಅಂದ್ರ ಜನಾ ಬಾನೆಟ್ ಎತ್ತಂಗಿಲ್ಲ, ಕೈ ಮುಗೀತಾರ.’

ಆ ಮಾತಿಗೆ ನಮ್ಮ ಸತ್ಯಸಂಧನಿಗೆ ಸಿಟ್ಟು ಬರಬೇಕಿತ್ತೋ ಇಲ್ಲವೋ? ಬರಲಿಲ್ಲ. ಹಿಗ್ಗು ಬಂತು. ನನ್ನ ಹಣೆಗೆ ಇಷ್ಟು ಬೆಲೆ ಇದೆಯೇ ಎಂದು ಅವನು ಬ್ರೋಕರನ ಕನ್ನಡಿಯಲ್ಲಿ ಇಣುಕಿ ನೋಡಿಕೊಂಡ.

ಗಾಡಿಯೊಳಗೆ ಕೆಸರಿನ ಮುಗ್ಗಲು ವಾಸನೆ ಇತ್ತು. ಅದಕ್ಕೆ ದಿನಕ್ಕೆ ಎರಡು ಕಟ್ಟು ಊದುಬತ್ತಿ ಹಚ್ಚಿದ. ಶ್ರಾವಣದ ಮೊದಲ ವಾರ ರೊಟ್ಟಿಯವ್ವ ಗಾಡಿ ಕೊಳ್ಳಲು ಬಂದು ಬಾಗಿಲು ತೆಗೆದಳು, ಮೂಗರಳಿಸಿದಳು, ‘ಗುಡಿಯೊಳಗ ಬಂದಂಗ ಆತ್ರಿ’ ಅಂದಳು. ಕೆಸರು ಮುಚ್ಚಲು ಹಚ್ಚಿದ ಹೊಗೆಯನ್ನು ಅವಳು ಭಕ್ತಿ ಅಂದುಕೊಂಡಳು. ಅವನು ತಿದ್ದಲಿಲ್ಲ, ರೊಕ್ಕ ಎಣಿಸಿಕೊಂಡ. ಅವಳು ಕೇಳಲಿಲ್ಲ, ನಾನು ಸುಳ್ಳು ಹೇಳಲಿಲ್ಲ ಎಂದು ಒಳಗೊಳಗೇ ಲೆಕ್ಕ ಚುಕ್ತಾ ಮಾಡಿಕೊಂಡ. ಅದೇ ಸಂಜೆ ವೇದಿಕೆ ಹತ್ತಿ, ಮೌನವೂ ಸುಳ್ಳಾಗಬಲ್ಲದು ಎಂದು ಒಂದು ಗಂಟೆ ಮಾತಾಡಿದ. ಚೆನ್ನಾಗಿ ಮಾತಾಡಿದನಂತೆ.

ಮೂರನೆಯ ವಾರ. ರೊಟ್ಟಿಯವ್ವ ತಾನೇ ಗಾಡಿ ಓಡಿಸಿಕೊಂಡು ಹಾಸ್ಟೆಲಿಗೆ ರೊಟ್ಟಿ ಒಯ್ಯುತ್ತಿದ್ದಳು, ಜೊತೆಗೆ ರೊಟ್ಟಿ ಬಡಿಯುವ ಮೂವರು ಹೆಂಗಸರು. ಸೇತುವೆಯ ನಡುವೆ ಎಂಜಿನ್ ನಿಂತಿತು, ದೀಪ ಆರಿತು, ಕಿಟಕಿ ಇಳಿಯಲೊಲ್ಲದು, ಬಾಗಿಲು ತೆರೆಯಲೊಲ್ಲದು. ಹಿಂದಿನಿಂದ ಬಸ್ಸು. ಡ್ರೈವರ್ ಬ್ರೇಕ್ ತುಳಿದ. ಬಸ್ಸು ನಿಂತಾಗ ನಡುವೆ ಉಳಿದದ್ದು ಒಂದು ಮಾರು ಜಾಗ. ಹಿಂದಿನ ಗಾಜು ಒಡೆದು ನಾಲ್ವರನ್ನೂ ಹೊರಗೆಳೆದರು.

ಮರುದಿನ ಬೆಳಿಗ್ಗೆ ಅವಳು ಅದೇ ಮಿಸ್ತ್ರಿಗೆ ತೋರಿಸಿ, ಗಾಡಿ ಕಟ್ಟಿ ಎಳೆಸಿಕೊಂಡು ಅವನ ಮನೆಗೇ ಬಂದಳು. ಕೂಗಾಡಲಿಲ್ಲ. ‘ಕೂಡ್ರಿ ಶರಣರ. ಬೆಲ್ಟ್ ಹಾಕ್ಕೋರಿ’ ಅಂದಳು. ಅವನು ಎದೆಗೆ ಬೇಕಾದಷ್ಟೇ ಎಳೆದುಕೊಂಡ.

‘ಇನ್ನೂ ಎಳೀರಿ.’

‘ಸಾಕಲ್ಲವ್ವ.’

‘ಇನ್ನೂ ಐತಿ, ನನಗ ಗೊತ್ತೈತಿ. ನಿಮಗೂ ಗೊತ್ತೈತಿ.’

ಅವನು ಎಳೆಯಲಿಲ್ಲ. ಆಮೇಲೆ ಆಡಿದ ಮಾತು ಕೇಳಿ: ‘ನನಗೂ ಹಿಂಗ ಮೋಸ ಆಗಿತ್ತವ್ವ. ನೀನೂ ಇನ್ನೊಬ್ಬರಿಗೆ ದಾಟಿಸಿಬಿಡು. ಗಿರಾಕಿ ನಾ ಹುಡುಕ್ತೀನಿ. ನಾ ಹೇಳಿದ್ರ ಯಾರೂ ಏನೂ ಕೇಳಂಗಿಲ್ಲ.’ ಮನಸ್ಸಿನಲ್ಲಿ ಗಿರಾಕಿಯನ್ನು ಆಗಲೇ ಹುಡುಕಿಯೂ ಆಗಿತ್ತು. ಅವರು ದಿನಾ ಪ್ರವಚನಕ್ಕೆ ಬರುವವರು. ಈಗ ಆ ಕಡೆ ನೋಡುವುದಿಲ್ಲ, ಗಾಬರಿಯಾಗಬೇಡಿ.

ಅವಳು ಗಾಡಿ ಎಳೆಸಿಕೊಂಡು ಹೊರಟಳು. ಮರುದಿನ ಗಾಡಿ ಪ್ರವಚನದ ಮಂಟಪದ ಗೇಟಿನ ಮುಂದೆ ನಿಂತಿತ್ತು. ಅದರ ಮುಂದಿನ ಗಾಜಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದಿತ್ತು: ‘ನೀರಾಗ ಮುಳುಗಿದ ಗಾಡಿ. ವಿಮೆಯವರು ಕೈಬಿಟ್ಟದ್ದು. ಹೇಳದ ಮಾರಿದವರು ಇಲ್ಲಿಯ ಪ್ರವಚನಕಾರರು.’

ಮುಂದಿನ ಸಾಲಿನವರು ನಗಬೇಡಿ. ನಿಮ್ಮನ್ನು ಕೇಳುತ್ತೇನೆ. ಬಣ್ಣ ಹೊಡೆದು ನೀವು ದಾಟಿಸಿದ್ದು ಏನೇನು? ಒದೆಯುವ ಎಮ್ಮೆಯನ್ನು ಸಾಧು ಎಂದು ಹೇಳಿ ಕೊಟ್ಟವರು ಇಲ್ಲಿಲ್ಲವೇ? ವ್ಯಾಜ್ಯದ ಸೈಟನ್ನು ವಾಸ್ತು ಚೆನ್ನಾಗಿದೆ ಎಂದು ಕೊಟ್ಟವರು? ಕುಡುಕ ಮಗನನ್ನು ಬಂಗಾರದಂಥ ಹುಡುಗ ಎಂದು ಮದುವೆ ಮಾಡಿದವರು? ಮುಳುಗಿದ ಗಾಡಿ ಮಾರುವುದು ಪಾಪವಲ್ಲ. ಅದನ್ನು ತಿಳಿದು ಕೊಳ್ಳುವವರಿದ್ದಾರೆ, ಬಿಡಿಭಾಗಕ್ಕೆ ಒಯ್ಯುವವರಿದ್ದಾರೆ. ಹೇಳದೆ ಮಾರುವುದು ಪಾಪ. ನಾಳೆಯಿಂದ ಮಾರುವಾಗ, ಬೆಲೆ ಬಾಯಿಗೆ ಬರುವ ಮೊದಲು ಊನ ಬರಲಿ. ಅವರು ಕೇಳಲಿ ಎಂದು ಕಾಯಬೇಡಿ. ವಿಮೆಯ ಕಾಗದ ನೀವೇ ತೆಗೆದು ಅವರ ಕೈಗಿಡಿ. ಓದು ಬಾರದವರಿಗೆ ಓದಿ ಹೇಳಿ. ಕೊಳ್ಳುವಾಗ ಹಣೆ ನೋಡಬೇಡಿ, ಬೆಲ್ಟ್ ಎಳೆಯಿರಿ. ಮೋಸ ಹೋದೆ ಎನ್ನುವುದು ಮೋಸ ಮಾಡಲು ಸಿಕ್ಕ ಪರವಾನಗಿಯಲ್ಲ.

ಇಷ್ಟು ಚೆಂದ ಮಾತಾಡುವ ಆ ಪ್ರವಚನಕಾರ ಇವತ್ತು ವೇದಿಕೆ ಹತ್ತುವ ಮೊದಲು ಏನು ಮಾಡಿದ ಎಂಬುದನ್ನೂ ಹೇಳಿಬಿಡುತ್ತೇನೆ. ಒಳಗೆ ಬರುವಾಗ ಗೇಟಿನ ಹತ್ತಿರ ನೀವೆಲ್ಲ ಓದಿಕೊಂಡೇ ಬಂದಿದ್ದೀರಿ, ಇನ್ನು ಊರು ಮುಚ್ಚಿಟ್ಟು ಪ್ರಯೋಜನವಿಲ್ಲ. ಅವನು ಒದ್ದೆ ಬಟ್ಟೆ ಹಿಡಿದು ಹೋದ. ಹಿಂದೆ ಕಮಿಟಿಯವರು.

‘ಗಾಡಿ ವಾಪಸ್ ತಗೋತೀನವ್ವ, ನಿನ್ನ ರೊಕ್ಕ ಇವತ್ತ ಕೊಡ್ತೀನಿ. ಮೊದಲು ಇದನ್ನ ಅಳಸು.’

ಕಮಿಟಿಯ ಹಿರಿಯರೂ ಅಂದರು, ‘ಅಳಸಬೇ ಯವ್ವಾ. ಶ್ರಾವಣ ಐತಿ, ಮಂದಿ ಬರೂ ಹೊತ್ತು.’

ಅವಳು ಬಟ್ಟೆ ಇಸಿದುಕೊಂಡಳು. ಮಡಿಸಿ ಬಾನೆಟ್ ಮೇಲೆ ಇಟ್ಟಳು.

‘ತಗೊಳ್ರಿ, ಬರದದ್ದರ ಸಂಗಟ ತಗೊಳ್ರಿ. ನಾ ಅಳಸಿದ್ರ ನಾಳೆ ಇನ್ನೊಬ್ಬರ ಮನಿ ಹೆಣ್ಮಕ್ಕಳು ಇದರಾಗ ಕೂಡತಾರ. ನಾ ಅಳಸಂಗಿಲ್ಲ.’