ಒಟಿಲಿಯಾಳ ಕಾಲು ಹೋದ ಮನೆ

ಆ ಸ್ಟೂಲು ಹತ್ತಿರ ಎಳಕೊಳ್ಳಿ. ಇದನ್ನ ಗಟ್ಟಿಯಾಗಿ ಹೇಳೋಕೆ ನನಗೆ ಈಗಲೂ ಆಗಲ್ಲ...

ಅರವತ್ತೊಂಬತ್ತನೇ ಇಸವಿ ಚಳಿಗಾಲ. ಇಲ್ಲೇ, ಬ್ವೇನಸ್ ಐರಿಸ್‌ನಲ್ಲೇ ನಡೆದಿದ್ದು. ಒಟಿಲಿಯಾ ಅಂದ್ರೆ ನನ್ನ ದೊಡ್ಡಮ್ಮ ಅಸುಂತಾಳ ಮಗಳು. ಆಗ ಮೂವತ್ಮೂರು ವರ್ಷ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಸಂಜೆ ಪಾಳಿ. ಮೊಂತೆವಿದೇವೊಗೆ ಹೋಗಿ ಬರ್ತೀನಿ ಅಂದ ಗಂಡ ಬರಲೇ ಇಲ್ಲ. ಮನೆಯಲ್ಲಿ ನಾಲ್ಕು ವರ್ಷದ ಮಗಳು ಮಿರ್ತಾ, ಜೊತೆಗೆ ಕಿವಿ ಮಂದವಾದ ದೊಡ್ಡಮ್ಮ. ಅಷ್ಟೇ ಸಂಸಾರ.

ಒಂದು ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿಸಿ ನಡೆದು ಹೊರಟಳು. ಚೌಕದಲ್ಲಿ ಆ ಗೊಮೆರೊ ಮರ ಇದೆಯಲ್ಲ, ಆಲದ ಮರದ ಹಾಗೆ ಕೊಂಬೆ ಚಾಚಿಕೊಂಡು ಬಿದ್ದಿರೋದು, ಅದರ ಕೆಳಗೆ ಬಂದಳು. ಒಣಗಿದ ಎಲೆ ತುಳಿದಾಗ ಚರಕ್... ಚರಕ್... ಅಂದಿದ್ದು ಅವಳಿಗೆ ನೆನಪಿದೆ. ಅಲ್ಲಿಂದಾಚೆಗೆ ಏನೂ ಇಲ್ಲ. ಮೈಮೇಲೆ ಎಚ್ಚರ ಬಂದಾಗ ಬರ್ರಾಕಾಸ್ ಕಡೆ ಯಾವುದೋ ಬೀದಿಯಲ್ಲಿ, ಯಾವುದೋ ಹಳೇ ಮನೆ ಮುಂದೆ ನಿಂತಿದ್ದಳು. ಬಾಗಿಲು ತಟ್ಟೋ ಹಿತ್ತಾಳೆ ಹಿಡಿ ಅವಳ ಕೈಯಲ್ಲಿತ್ತು.

ಮಾರನೇ ರಾತ್ರಿಯೂ ಅದೇ ಬಾಗಿಲು. ಅದರ ಮಾರನೇ ರಾತ್ರಿಯೂ...

ನಮ್ಮೂರಲ್ಲಿ ಹಲ್ಲುನೋವಿಗೆ ಹೋದಷ್ಟೇ ಸಲೀಸಾಗಿ ಜನ ಮನಸ್ಸಿನ ಡಾಕ್ಟರ ಹತ್ತಿರ ಹೋಗ್ತಾರೆ. ಎಕ್ಸ್‌ಚೇಂಜಿನ ಹುಡುಗಿಯರೆಲ್ಲ ವಾರಕ್ಕೆರಡು ಸಲ ಸೋಫಾ ಮೇಲೆ ಮಲಗಿ ಅವರವರ ಅಮ್ಮಂದಿರನ್ನ ಬೈದು ಬರೋರೇ. ಒಟಿಲಿಯಾ ಅವರನ್ನ ಆಡ್ಕೊಂಡು ನಗ್ತಿದ್ದಳು. ಈಗ ಅವಳೇ ಹೋಗಿ ಡಾಕ್ಟರ್ ಸೆಲ್ಸೆರ್ ಅನ್ನೋ ಹೆಂಗಸಿನ ಮುಂದೆ ಮಲಗಿದಳು. ಆಯಮ್ಮ ಹೆಚ್ಚು ಮಾತಾಡೋರಲ್ಲ.

"ನಿಮಗೆ ಮರೆತಿದೆ. ಕಾಲಿಗೆ ಮರೆತಿಲ್ಲ. ಆ ಮನೆಯಲ್ಲಿ ಏನೋ ಬಿಟ್ಟು ಬಂದಿದೀರಿ," ಅಂದರಂತೆ.

"ನನಗೊಂದು ಮಗು ಇದೆ ಡಾಕ್ಟರಮ್ಮ. ನಾಳೆ ಈ ಕಾಲು ಅವಳನ್ನೂ ಎತ್ತಿಕೊಂಡು ಹೊರಟರೆ?"

ಡಾಕ್ಟರು ಮುಂದಿನ ಸಲ ಬರೋ ದಿನ ಬರೆದುಕೊಟ್ಟರು.

ಒಟಿಲಿಯಾ ಪಾಳಿ ಬದಲಾಯಿಸಿ ಅಂತ ಮೇಲಿನವರ ಕಾಲು ಹಿಡಿದಳು. ಆಗಲ್ಲ ಅಂದರು. ಬಸ್ಸಲ್ಲಿ ಮನೆಗೆ ಬಂದು ಮಲಗೋಕೆ ಶುರು ಮಾಡಿದಳು. ಮಲಗಿದಲ್ಲಿಂದಲೇ ಎದ್ದು ಹೋಗೋದಾಯ್ತು. ಕಾಲನ್ನ ಮಂಚಕ್ಕೆ ಉದ್ದ ಕಾಲುಚೀಲದಿಂದ ಬಿಗಿದು ಮೂರು ಗಂಟು ಹಾಕಿದಳು. ಅವತ್ತೂ ಆ ಬಾಗಿಲಲ್ಲೇ ಎಚ್ಚರ ಆಯ್ತು. ಮನೆಗೆ ಬಂದು ನೋಡಿದರೆ ಗಂಟು ಬಿಚ್ಚಿ, ಕಾಲುಚೀಲ ಅಚ್ಚುಕಟ್ಟಾಗಿ ಮಡಚಿ ದಿಂಬಿನ ಮೇಲಿಟ್ಟಿತ್ತು. ಮಡಚಿದ್ದು ಅವಳ ಕೈಯೇ...

ಐದನೇ ಸಲ ಡಾಕ್ಟರ ಹತ್ತಿರ ಮಲಗಿದ್ದಾಗ ಕಣ್ಣು ಮುಚ್ಚಿದಳು. ಆಮೇಲೆ ಅವಳ ಬಾಯಿಂದ ಚಿಕ್ಕ ಹುಡುಗಿ ದನಿ ಬಂತು.

"ಅಮ್ಮಾ, ಬಾವಿ ಮುಚ್ಚಿದೀನಿ. ಹೊಡೀಬೇಡ."

ಯಾವ ಬಾವಿ ಅಂತ ಅವಳಿಗೆ ಗೊತ್ತಿಲ್ಲ. ನೇರ ಮನೆಗೆ ಬಂದು, ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೀತಿದ್ದ ಅಮ್ಮನ ಕಿವಿಗೆ ಬಾಯಿಟ್ಟು ಕೇಳಿದಳು. ದೊಡ್ಡಮ್ಮ ಚಾಕು ಕೆಳಗಿಟ್ಟಳು.

ಒಟಿಲಿಯಾಗೆ ಐದು ವರ್ಷ ಆಗೋವರೆಗೆ ಅವರು ಇದ್ದದ್ದು ಬರ್ರಾಕಾಸ್‌ನ ಆ ಮನೆಯಲ್ಲೇ. ಅವಳಿಗೊಬ್ಬ ತಮ್ಮ ಇದ್ದ, ತೀತೊ, ಮೂರು ವರ್ಷದವನು. ಜ್ವರ ಬಂದು ಹೋದ ಅಂತ ಅವಳಿಗೆ ಹೇಳಿದ್ದರು. ಜ್ವರ ಅಲ್ಲ. ಅಂಗಳದ ಬಾವಿ.

"ಮರದ ಮುಚ್ಚಳ ತೆಗೆದಿಟ್ಟು ಹೋದವಳು ನಾನು," ಅಂದಳು ದೊಡ್ಡಮ್ಮ. "ತೆರೆದು ಬಿಟ್ಟರೆ ನಿನಗೆ ಹೊಡೀತಿದ್ದೆ ನೋಡು, ಅದಕ್ಕೇ ನೀನು ಓಡಿ ಹೋಗಿ ಮುಚ್ಚಿದೆ. ಒಳಗೆ ಅವನಿದಾನೆ ಅಂತ ನಿನಗೆ ಹೇಗೆ ಗೊತ್ತಾಗಬೇಕು? ಮಳೆಗೆ ನೀರು ಬಾಯಿವರೆಗೂ ತುಂಬಿತ್ತು, ಅವನು ಬಕೆಟ್ಟಿನ ಸರಪಳಿ ಹಿಡ್ಕೊಂಡಿದ್ದ... ನಾವು ಬೀದಿಬೀದಿ ಹುಡುಕ್ತಿದ್ವಿ. ನೀನು ಮಾತ್ರ ನನ್ನ ಲಂಗ ಎಳೆದು, ಯಾರೋ ತಟ್ತಿದಾರೆ, ಯಾರೋ ತಟ್ತಿದಾರೆ ಅಂತಿದ್ದೆ. ನಾನು ಕೆನ್ನೆಗೆ ಕೊಟ್ಟೆ. ನೀನು ಸುಮ್ಮನಾದೆ."

ಆಮೇಲೆ ಬಾವಿಗೆ ಮಣ್ಣು ತುಂಬಿಸಿ, ಮೇಲೆ ಕಬ್ಬಿಣದ ಮುಚ್ಚಳ ಹಾಕಿಸಿ ಆ ಮನೆ ಬಿಟ್ಟರಂತೆ. ಒಟಿಲಿಯಾ ಇದನ್ನೆಲ್ಲ ಡಾಕ್ಟರಿಗೆ ಹೇಳಿದಳು. ಒಳಗಿದ್ದದ್ದು ಹೊರಗೆ ಬಂತು, ಇನ್ನು ಕಾಲಿಗೆ ಅಲ್ಲೇನೂ ಕೆಲಸ ಇಲ್ಲ, ನಿದ್ದೆ ಮಾಡಿ ಅಂದರು ಅವರು. ಅವಳೂ ನಂಬಿದಳು. ನಂಬದೇ ಇನ್ನೇನು ಮಾಡ್ತಾಳೆ... ಅವತ್ತು ರಾತ್ರಿ ಮಿರ್ತಾಳನ್ನ ತಬ್ಬಿಕೊಂಡು ಮಲಗಿದಳು.

ಎಚ್ಚರ ಆದಾಗ ಗೊಮೆರೊ ಮರದ ಕೆಳಗಿದ್ದಳು. ಬರಿಗಾಲು, ಮಲಗೋ ಬಟ್ಟೆ. ಮುಖ ಮನೆ ಕಡೆಗಿತ್ತು. ಅಂದ್ರೆ... ಹೋಗಿ ವಾಪಸು ಬರ್ತಿದ್ದಳು. ಬೀದಿ ದೀಪದಲ್ಲಿ ಅಂಗೈ ನೋಡ್ಕೊಂಡಳು. ಎರಡೂ ಅಂಗೈಗೆ ಕೆಂಪು ತುಕ್ಕು ಮೆತ್ತಿತ್ತು. ಎಡಗಂಕುಳಲ್ಲಿ ಮಿರ್ತಾಳ ಒಂದು ಶೂ.

ಮನೆಗೆ ಹೋಗಿ ನೋಡಲಿಲ್ಲ. ತಿರುಗಿ ಓಡಿದಳು.

ಆ ಬಾಗಿಲು ತೆಗೆದವನು ಮನೆ ಕಾಯೋ ಮುದುಕ, ದೋನ್ ಫೆರ್ಮಿನ್. ಯಾರೋ ಬೀದಿ ಬಾಗಿಲು ತೆರೆದಿಟ್ಟಿದ್ದರು, ಈಗ ತಾನೇ ಹಾಕಿ ಮಲಗಿದೆ ಅಂತ ಗೊಣಗಿದ. ಅವಳ ಕೈಯಲ್ಲಿದ್ದ ಶೂ ನೋಡಿ ಬಾಗಿಲು ಪೂರ್ತಿ ತೆರೆದ.

"ಬಾವಿ..." ಅಂದಳು.

"ಬಾವಿ ಎಲ್ಲಿದೆ ತಾಯಿ? ಮಣ್ಣು ತುಂಬಿಸಿ ಎಷ್ಟೋ ಕಾಲ ಆಯ್ತು."

ಆಗ ಕೇಳಿಸ್ತು. ಅಂಗಳದ ಮೂಲೆಯಿಂದ. ಟಕ್... ಟಕ್ ಟಕ್... ಟಕ್... ಕಬ್ಬಿಣದ ಮೇಲೆ ಬೆರಳ ಗಿಣ್ಣಿನ ಸದ್ದು. ಸಣ್ಣ ಬೆರಳು.

ಮುದುಕ ಎದೆ ಮೇಲೆ ಶಿಲುಬೆ ಗುರುತು ಮಾಡ್ಕೊಂಡು ಹಾರೆ ತಂದ. ಇಬ್ಬರೂ ಸೇರಿ ಮೀಟಿದರು. ಮೊದಲ ಸಲ ಮುಚ್ಚಳ ಅಲುಗಲೇ ಇಲ್ಲ. ಅವಳು ಉಗುರು ಕಿತ್ತು ರಕ್ತ ಬರೋ ಹಾಗೆ ಅಂಚು ಹಿಡಿದು ಎಳೆದಳು. ಒಳಗೆ ಸದ್ದು ನಿಲ್ತಾ ಇಲ್ಲ. ಟಕ್ ಟಕ್... ಟಕ್... ಕಡೆಗೆ ಕಿರ್ರ್... ಅಂತ ಒಂದು ಗೇಣು ಎದ್ದಿತು. ಸದ್ದು ನಿಂತಿತು.

ಒಳಗೆ ಮಣ್ಣು ಕುಸಿದು ಎದೆಯಾಳಕ್ಕೆ ಇಳಿದಿತ್ತು. ಅದರ ಮೇಲೆ ಮಿರ್ತಾ ಕಂಬಳಿ ಸುತ್ತಿಕೊಂಡು ಮಗ್ಗುಲಾಗಿ ಮಲಗಿದ್ದಳು. ಉಸಿರಾಡ್ತಿದ್ದಳು. ಗಾಢ ನಿದ್ದೆ. ಎತ್ತಿ, ಅಲುಗಾಡಿಸಿ, ಕೆನ್ನೆ ತಟ್ಟಿ ಎಬ್ಬಿಸಬೇಕಾಯ್ತು. ಎದ್ದವಳು, ಚಳಿ ಅಮ್ಮ, ಅಂದಳು. ಅಷ್ಟೇ.

ಡಾಕ್ಟರು ಎಲ್ಲದಕ್ಕೂ ಕಾರಣ ಕೊಟ್ಟರು. ಮನಸ್ಸಿನ ತಳದಲ್ಲಿ ಕೂತ ಆ ಐದು ವರ್ಷದ ಹುಡುಗಿಗೆ ಇನ್ನೊಂದು ಸಲ ಮುಚ್ಚಿ, ಈ ಸಲ ತೆರೀಬೇಕಿತ್ತು ಅಂದರು. ಅಂಥ ಹೊತ್ತಲ್ಲಿ ಇಬ್ಬರು ಎತ್ತೋ ಭಾರವನ್ನ ಒಬ್ಬಳೇ ಎತ್ತಬಹುದು ಅಂದರು. ಒಟಿಲಿಯಾ ಎಲ್ಲದಕ್ಕೂ ತಲೆ ಆಡಿಸಿದಳು. ಮಾರನೇ ದಿನ ಮಗುವನ್ನ ಕರ್ಕೊಂಡು ನಮ್ಮ ಮನೆಗೆ ಬಂದಳು. "ಇವಳನ್ನ ಇಟ್ಕೋ. ನಾನು ಕತ್ತಲಾದ ಮೇಲೆ ಬಂದು ಬಾಗಿಲು ಬಡಿದರೆ, ಎಷ್ಟೇ ಅತ್ತರೂ ತೆಗೀಬೇಡ," ಅಂದಳು ನನಗೆ. ಎರಡು ವರ್ಷ ಹಾಗೇ ನಡೀತು. ಭಾನುವಾರ ಹಗಲು ಬರೋಳು, ಮಗಳ ತಲೆ ಬಾಚೋಳು, ಹೊತ್ತು ಮುಳುಗೋ ಮುಂಚೆ ಎದ್ದು ಹೋಗೋಳು. ಮಿರ್ತಾ ಬಾಗಿಲಿಗೆ ಅಂಟಿಕೊಂಡು ಅಳೋದು ಮೆಟ್ಟಿಲು ಇಳಿಯೋವರೆಗೂ ಅವಳಿಗೆ ಕೇಳಿಸ್ತಿತ್ತು.

ಮಗು ತಟ್ಟಿ ತಟ್ಟಿ ಸುಸ್ತಾಗಿ ನಿದ್ದೆ ಹೋಗಿರಬೇಕು ಅಂತ ಡಾಕ್ಟರ ಮಾತು. ಆದರೂ ಅವರಿಗೇ ಸಮಾಧಾನ ಇರಲಿಲ್ಲ ಅನ್ಸುತ್ತೆ. ಒಂದು ಶನಿವಾರ ಮಧ್ಯಾಹ್ನ ಆ ಮನೆ ತೋರಿಸು ಅಂತ ನನ್ನನ್ನ ಕರ್ಕೊಂಡು ಹೋದರು. ದೋನ್ ಫೆರ್ಮಿನ್ ಮುಚ್ಚಳವನ್ನ ತಿರುಗಿಸಿ ಗೋಡೆಗೆ ಒರಗಿಸಿಟ್ಟಿದ್ದ. ಒಳಮೈ ತುಂಬ ತುಕ್ಕು, ಮರದ ತೊಗಟೆ ಹಾಗೆ ಪದರ ಪದರ. ಸರಿಯಾಗಿ ನಡುವೆ, ಒಂದು ನಾಣ್ಯದಷ್ಟು ಜಾಗ ಮಾತ್ರ ಫಳಫಳ ಅಂತಿತ್ತು. ಡಾಕ್ಟರು ಕೈಗವಸು ಬಿಚ್ಚಿ ಅಲ್ಲಿ ಬೆರಳಿಟ್ಟರು. ಮತ್ತೆ ಕೈಗವಸು ಹಾಕ್ಕೊಂಡರು.

ಒಂದು ರಾತ್ರಿ ತಟ್ಟಿದರೆ ಕಬ್ಬಿಣ ಹಾಗೆ ಸವೆಯಲ್ಲ. ನಾನೂ ಮುಟ್ಟಿ ನೋಡಿದೀನಿ, ಇದೇ ಬೆರಳು. ನುಣ್ಣಗಿತ್ತು... ನಡುವೆ ಒಂಚೂರು ತಗ್ಗಾಗಿತ್ತು.