ಗುಡಿಸಿದ ಗುಡ್ಡ

ಸಮುದ್ರದ ದಂಡೆಯಲ್ಲಿ ಒಂದೂರು, ಅಲ್ಲೊಬ್ಬ ಸಾಹುಕಾರ. ಹೆಸರು ಬೇಡ. ಇಲ್ಲಿ ಕೂತಿರುವ ಯಾರ ಹೆಸರು ಇಟ್ಟುಕೊಂಡರೂ ನಡೆಯುತ್ತದೆ, ನನ್ನದೂ ಸೇರಿ. ಅವನದು ಹಂಚಿನ ಕಾರ್ಖಾನೆ. ನಲವತ್ತು ವರ್ಷ ಮಣ್ಣಿನಲ್ಲೇ ಬದುಕಿದವನು. ಚಿಟಿಕೆ ಮಣ್ಣನ್ನು ನಾಲಿಗೆಯ ಮೇಲಿಟ್ಟು, ಇದು ಹಂಚಿಗೆ ಬರುತ್ತದೆ, ಇದು ಬರುವುದಿಲ್ಲ ಎನ್ನುತ್ತಿದ್ದ. ಹೇಳಿದ್ದು ತಪ್ಪುತ್ತಿರಲಿಲ್ಲ. ಹಂಚಿನ ಮಣ್ಣಿನಲ್ಲಿ ಬೇರಿನ ಒಂದು ಎಳೆ ಉಳಿದರೂ, ಒಣ ಎಲೆಯ ಒಂದು ಚೂರು ಉಳಿದರೂ ಸುಡುವಾಗ ಹಂಚು ಬಿರುಕು ಬಿಡುತ್ತದೆ. ಹಾಗಾಗಿ ಅವನ ಆಯುಷ್ಯವೆಲ್ಲ ಮಣ್ಣಿನಿಂದ ಕಸ ತೆಗೆಯುವುದರಲ್ಲೇ ಕಳೆಯಿತು. ಒಳ್ಳೆಯ ಮಣ್ಣು ಅಂದರೆ ಕಸವಿಲ್ಲದ ಮಣ್ಣು. ನೋಡಿ, ಕಾರ್ಖಾನೆಯ ಮಟ್ಟಿಗೆ ಈ ಬುದ್ಧಿ ಸರಿಯಾಗಿಯೇ ಇತ್ತು. ಇದು ಮೂರ್ಖನ ಕಥೆಯಲ್ಲ, ಕೆಲಸ ಬಲ್ಲವನ ಕಥೆ.

ಐವತ್ತೆಂಟರಲ್ಲಿ ಅವನಿಗೆ ಕಾರ್ಖಾನೆ ಸಾಕೆನಿಸಿತು. ಇಷ್ಟು ವರ್ಷ ಸುಟ್ಟಿದ್ದೇ ಆಯಿತು, ಸಾಯುವುದರೊಳಗೆ ಏನನ್ನಾದರೂ ಬೆಳೆಸಬೇಕು ಅಂದುಕೊಂಡ. ತಮ್ಮನಿಗೆ ಕಾರ್ಖಾನೆ ಬಿಟ್ಟುಕೊಟ್ಟು ಘಟ್ಟದ ಮೈಯಲ್ಲಿ ಎಂಟು ಎಕರೆ ಗುಡ್ಡ ಕೊಂಡ. ನಿಂತರೆ ಕಾಲು ಜಾರುವಷ್ಟು ಕಡಿದಾದ ಗುಡ್ಡ. ವರ್ಷದಲ್ಲಿ ನಾಲ್ಕು ತಿಂಗಳು ಬಿಡದೆ ಮಳೆ. ಇಬ್ಬರು ಕೈ ಸೇರಿಸಿ ಅಪ್ಪಿದರೂ ಸಾಲದಷ್ಟು ದಪ್ಪ ಮರಗಳು. ಇಂಥ ಮರ ಬೆಳೆಸಿದ ಮಣ್ಣು ಎಷ್ಟು ಬಲವಾಗಿರಬೇಡ? ನೀವಾದರೂ ಹಾಗೇ ಯೋಚಿಸುತ್ತಿದ್ದಿರಿ. ಮರಗಳ ನೆರಳಲ್ಲಿ ಜಾಯಿಕಾಯಿ ಹಾಕುವುದೆಂದು ತೀರ್ಮಾನಿಸಿದ. ಮೊದಲು ಗುಡ್ಡ ಶುದ್ಧವಾಗಬೇಕಲ್ಲ, ಅದಕ್ಕೆ ಗುಡಿಸುವವರನ್ನು ಕರೆಸಿದ.

ಗುಡ್ಡದ ಕೆಳಗಿನ ಕೇರಿಯಿಂದ ಎಂಟು ಹೆಂಗಸರು ಬಂದರು. ಅವರ ಮುಂದಾಳು ಗಣಪಿ ಎಂಬವಳು. ಉದುರಿದ ಎಲೆಗೆ ಅಲ್ಲಿ ದರಕು ಅನ್ನುತ್ತಾರೆ. ಶಿವರಾತ್ರಿ ಕಳೆದ ಮೇಲೆ ಅದನ್ನು ಗುಡಿಸಿ ಕೊಟ್ಟಿಗೆಗೆ ಒಯ್ಯುವುದು ಅವರ ತಲೆಮಾರಿನ ರೂಢಿ. ಆ ರೂಢಿಗೊಂದು ಕಟ್ಟುಪಾಡಿತ್ತು. ಕಾಲಿಟ್ಟರೆ ಸದ್ದು ಮಾಡುವ ಎಲೆಯನ್ನು ಮಾತ್ರ ಒಯ್ಯಬೇಕು, ಅಡಿಯ ಒದ್ದೆ ಪದರವನ್ನು ಮುಟ್ಟಬಾರದು. ಹೆಂಗಸರು ಅಷ್ಟು ಮಾಡಿ ಪೊರಕೆ ಕೆಳಗಿಟ್ಟರು.

"ಇನ್ನೂ ಬೇಕಾದಷ್ಟು ಕಸ ಉಂಟಲ್ಲ?" ಎಂದ ಸಾಹುಕಾರ.

"ಅದು ಕಸ ಅಲ್ಲ ಒಡೆಯ. ಅಡಿದು ಮುಟ್ಟೂದಲ್ಲ."

"ಯಾಕೆ, ಅದರಡಿ ನಿನ್ನ ಅಜ್ಜಿ ಬಂಗಾರ ಹುಗಿದು ಹೋಗಿದ್ದಾಳಾ?"

"ಅಜ್ಜಿ ಬಂಗಾರ ಇಟ್ಟಿದ್ರೆ ನಾ ನಿಮ್ಮ ಗುಡ್ಡ ಗುಡಿಸೂಕೆ ಬತ್ತಿದ್ನಾ? ನೀವೇ ನಮ್ಮನಿ ಅಂಗಳ ಗುಡಿಸೂಕೆ ಬರ್ತಿದ್ರಿ."

ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಸಾಹುಕಾರನೂ ನಕ್ಕ. ಕೆಟ್ಟ ಮನುಷ್ಯನಲ್ಲ ಅವನು. ನಕ್ಕು, "ಗುಡಿಸು" ಎಂದ. ಅವರು ಗುಡಿಸಿದರು. ಕೆಂಪು ಮಣ್ಣು ಕಾಣುವವರೆಗೆ ಗುಡಿಸಿದರು. ಮರದಿಂದ ಮತ್ತೆ ಎಲೆ ಉದುರಿತು, ವಾರಕ್ಕೊಮ್ಮೆ ಮತ್ತೆ ಗುಡಿಸಿದರು. ಗುಡ್ಡ ಹಬ್ಬದ ದಿನದ ಅಂಗಳದ ಹಾಗೆ ಹೊಳೆಯಿತು. ಅವನು ಗುಂಡಿ ತೋಡಿಸಲು ಆಳು ಕರೆಯಲಿಲ್ಲ. ತಾನೇ ತೋಡಿ, ತಾನೇ ಮಂಡಿಯೂರಿ ನಾನ್ನೂರು ಸಸಿ ನೆಟ್ಟ. ಅಂಗೈಯಲ್ಲಿ ಗುಳ್ಳೆ ಎದ್ದವು. ಆ ಗುಳ್ಳೆಗಳನ್ನು ಅವನು ಹೆಂಡತಿಗೆ ತೋರಿಸಿದ್ದು ಮಕ್ಕಳು ಶಾಲೆಯ ಬಹುಮಾನ ತೋರಿಸಿದ ಹಾಗೆ.

ಒಂದು ಮಳೆಗಾಲ ಕಳೆಯಿತು. ಸಸಿಗಳು ಹಳದಿಗಟ್ಟಿದವು. ಎರಡನೆಯ ಮಳೆಗಾಲ ಮುಗಿಯುವಾಗ ಅರ್ಧ ಸತ್ತಿದ್ದವು. ಸಾಹುಕಾರ ಬೆಳಿಗ್ಗೆ ಎದ್ದರೆ ಗುಡ್ಡಕ್ಕೆ ಹೋಗಿ ಒಂದೊಂದೇ ಸಸಿಯ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಿದ್ದ. ಎಲೆಯನ್ನು ಮಗುಚಿ ನೋಡುತ್ತಿದ್ದ. ಮನೆಗೆ ಬಂದು ಊಟ ಅರ್ಧಕ್ಕೆ ಬಿಟ್ಟು ಏಳುತ್ತಿದ್ದ. ಕಾರ್ಖಾನೆಯಲ್ಲಿ ಒಂದು ಗೂಡು ಹಂಚು ಕೆಟ್ಟರೆ ಇನ್ನೊಂದಿತ್ತು. ಇದಕ್ಕೆ ಇನ್ನೊಂದಿಲ್ಲ. ಆ ವಯಸ್ಸಿಗೆ ಇನ್ನೊಂದು ಬರುವುದಿಲ್ಲ.

ಮುಂದಿನ ಬೇಸಿಗೆಯ ಕೊನೆಗೆ ಮಣ್ಣು ಪರೀಕ್ಷೆ ಮಾಡಿಸಿದ. ಹುಳಿ ಮಣ್ಣು ಎಂದು ಬಂತು. ಅಷ್ಟು ಮಳೆ ಹೊಡೆಯುವ ಇಳಿಜಾರಿನಲ್ಲಿ ಮಣ್ಣಿನ ಸಾರವೆಲ್ಲ ತೊಳೆದು ಸಮುದ್ರ ಸೇರುತ್ತದೆ, ಹುಳಿ ಉಳಿಯುತ್ತದೆ. ಗುಂಡಿಗೊಂದು ಹಿಡಿ ಸುಣ್ಣ, ಅದೂ ಮಳೆ ಹಿಂದೆ ಸರಿದ ಮೇಲೆ, ಸ್ವಲ್ಪ ಸ್ವಲ್ಪವಾಗಿ ಹಾಕಿ ಎಂದರು ಪರೀಕ್ಷೆ ಮಾಡಿದವರು. ಇವನಿಗೆ ಸ್ವಲ್ಪ ಸ್ವಲ್ಪ ಮಾಡುವಷ್ಟು ತಾಳ್ಮೆ ಎಲ್ಲಿತ್ತು? ಸಸಿ ಸಾಯುತ್ತಿವೆ. ಅಳಿವೆಯ ಬಳಿ ಚಿಪ್ಪಿ ಸುಡುವ ಗೂಡಿನಿಂದ ಸುಣ್ಣವನ್ನು ಲಾರಿಯಲ್ಲಿ ತರಿಸಿ ಮಳೆಗಾಲಕ್ಕೆ ಮುಂಚೆಯೇ ಇಡೀ ಗುಡ್ಡಕ್ಕೆ ಎರಚಿಸಿದ. ಗುಡ್ಡ ಬೆಳ್ಳಗಾಯಿತು.

ಮೂರನೆಯ ದಿನ ಮಳೆ ಬಿತ್ತು.

ತಡೆಯಲು ಏನಿತ್ತು ಅಲ್ಲಿ? ಒಂದು ಎಲೆ ಇರಲಿಲ್ಲ, ಒಂದು ಕಡ್ಡಿ ಇರಲಿಲ್ಲ. ಸುಣ್ಣವೆಲ್ಲ ಹಾಲಿನ ಹಾಗೆ ಹರಿದು ಕೆಳಗಿನ ಹಳ್ಳ ಸೇರಿತು. ಕೇರಿಯವರು ಕುಡಿಯುವ ಹಳ್ಳ. ಸಾಹುಕಾರ ಓಡಿ ಇಳಿದ. ಗಣಪಿ ಖಾಲಿ ಕೊಡ ಸೊಂಟಕ್ಕಿಟ್ಟು ನಿಂತಿದ್ದಳು. ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

"ಗಣಪಿ," ಎಂದ.

"ನೋಡ್ದೆ ಒಡೆಯ. ಮೀನು ತಿಂಬೂಕೂ ಬರೂದಿಲ್ಲ, ನೀರು ಕುಡೂಕೂ ಬರೂದಿಲ್ಲ."

"ಸಸಿ ಬದುಕಲಿ ಅಂತ ಮಾಡಿದೆ."

"ಗೊತ್ತುಂಟು. ನೀವು ಬೇಕಂತ ಮಾಡೂ ಜನ ಅಲ್ಲ. ಬೇಕಂತ ಮಾಡಿದ್ರೆ ಬೈದು ಹೋಗ್ತಿದ್ದೆ." ಅವಳು ಕೊಡ ಕೆಳಗಿಟ್ಟಳು. "ಬನ್ನಿ ನನ್ನ ಸಂಗ್ತಿಗೆ."

ಹಳ್ಳ ದಾಟಿದರೆ ಎದುರು ಗುಡ್ಡ. ಯಾರೂ ಕೊಳ್ಳದ, ಬುಡದವರೆಗೆ ಯಾರೂ ಗುಡಿಸದ ಕಾಡು. ಮಳೆ ಅದೇ, ಇಳಿಜಾರು ಅದೇ. ಆದರೆ ಅಲ್ಲಿಂದ ಇಳಿಯುತ್ತಿದ್ದ ನೀರು ತಿಳಿಯಾಗಿತ್ತು. ಗಣಪಿ ಒಂದು ಮರದ ಬುಡದಲ್ಲಿ ಕೂತು ಕೈಯಲ್ಲೇ ದರಕು ಬಗೆದಳು. ಮೇಲೆ ಒಣ ಎಲೆ, ಅದರಡಿ ಒದ್ದೆ ಎಲೆ, ಅದರಡಿ ಎಲೆಯೋ ಮಣ್ಣೋ ಹೇಳಲಾಗದ ಕಪ್ಪು ಪುಡಿ. ಅದರ ತುಂಬ ಬಿಳಿ ನೂಲಿನಂಥ ಬೇರು. ಒಂದು ಗೇಣು ಹೋಗುವಷ್ಟರಲ್ಲಿ ಕೆಂಪು ಮಣ್ಣು ಬಂತು. ಸಾಹುಕಾರ ಅಭ್ಯಾಸದಂತೆ ಆ ಮಣ್ಣನ್ನು ಚಿಟಿಕೆ ತೆಗೆದು ನಾಲಿಗೆಗಿಟ್ಟ. ಅದೇ ರುಚಿ. ತನ್ನ ಗುಡ್ಡದ್ದೇ.

"ಇದೂ ಹುಳಿಯೇ."

"ಹುಳಿನೇ. ಇಲ್ಲಿ ಎಲ್ಲ ಗುಡ್ಡನೂ ಹುಳಿನೇ. ಈ ಮರ ಮಣ್ಣು ತಿಂದು ಬದ್ಕೂದಲ್ಲ ಒಡೆಯ. ತಾನು ಉದುರಿಸಿದ್ದ ತಾನೇ ತಿಂದು ಬದ್ಕೂದು. ಬೇರು ನೋಡಿ, ಕೆಳಗೆ ಹೋಗೂದು ಬಿಟ್ಟು ಮೇಲೆ ಬಂದು ಬಾಯಿ ಹಾಕ್ತದೆ."

"ಹಾಗಾದರೆ ಇಲ್ಲಿಂದ ನಾಲ್ಕು ಗಾಡಿ ದರಕು ಒಯ್ದು ಅಲ್ಲಿ ಹಾಕಿಸುತ್ತೇನೆ."

"ನಿಮ್ಮ ಸಸಿ ಊಟಕ್ಕೆ ಇದರ ಬಾಯಿಂದ ಕಿತ್ಕಂಬೂದಾ?" ಗಣಪಿ ಬಗೆದ ಎಲೆಗಳನ್ನು ಮತ್ತೆ ಮುಚ್ಚಿದಳು. "ನಿಮ್ಮ ಗುಡ್ಡದಲ್ಲೂ ಮರ ಉಂಟು. ಎಲೆ ಉದುರ್ತದೆ. ನೀವು ಸುಮ್ನೆ ಕೂರಿ. ಅಷ್ಟೇ."

"ಎಷ್ಟು ವರ್ಷ?"

"ಅದು ನನ್ನ ಕೇಳಿದ್ರೆ? ಗುಡಿಸೂಕೆ ನನ್ನ ಕೇಳಿದ್ರಾ?"

ಆ ಮಳೆಗಾಲವಿಡೀ ಕೇರಿಗೆ ಕುಡಿಯುವ ನೀರು ಸಾಹುಕಾರನ ಬಾವಿಯಿಂದ ಹೋಯಿತು. ಆಳಿನ ಕೈಲಿ ಕಳಿಸಲಿಲ್ಲ, ತಾನೇ ಹೊತ್ತ. ಗುಡ್ಡಕ್ಕೆ ಪೊರಕೆ ಹೋಗಲಿಲ್ಲ. ಸುಮ್ಮನೆ ಕೂರುವುದು ಅವನಿಗೆ ಗುಂಡಿ ತೋಡುವುದಕ್ಕಿಂತ ಕಷ್ಟವಾಯಿತು. ನಾನ್ನೂರರಲ್ಲಿ ಉಳಿದದ್ದು ಮೂವತ್ತೆಂಟು. ನಾಲ್ಕನೆಯ ಮಳೆಗಾಲದ ಕೊನೆಗೆ ಒಂದು ಸಸಿಯ ಬುಡದಲ್ಲಿ ಬೆರಳಿಂದ ಎಲೆ ಸರಿಸಿ ನೋಡಿದ. ನೂಲಿನಂಥ ಒಂದು ಬಿಳಿ ಬೇರು ಮೇಲೆ ಬಂದು ಕೊಳೆತ ಎಲೆಯನ್ನು ಹಿಡಿದುಕೊಂಡಿತ್ತು. ಅವನು ಎಲೆಯನ್ನು ಇದ್ದ ಹಾಗೇ ಮುಚ್ಚಿ, ಅಲ್ಲೇ ಕೂತು ಅತ್ತ. ಜಾಯಿಕಾಯಿ ಬಿಟ್ಟಿತೋ ಇಲ್ಲವೋ ನನಗೆ ಗೊತ್ತಿಲ್ಲ. ಬಿಟ್ಟಿತು ಅಂದರೆ ನಿಮಗೆ ಸಮಾಧಾನವಾಗುತ್ತದೆ, ಆದರೆ ನಿಮ್ಮನ್ನು ಸಮಾಧಾನ ಮಾಡಲು ನಾನು ಬಂದಿಲ್ಲ.

ಈಗ ನಿಮ್ಮ ಗುಡ್ಡಕ್ಕೆ ಬರೋಣ.

ನಿಮ್ಮ ಮನೆ ಯಾರ ಮೇಲೆ ನಿಂತಿದೆ? ಹೆಂಡತಿಯೋ, ತಾಯಿಯೋ, ಅಕ್ಕನೋ, ಒಬ್ಬರಿರುತ್ತಾರೆ. ಹೊರಗಿನಿಂದ ನೋಡಿದರೆ ದೊಡ್ಡ ಮರ. ಅವಳಿಗೇನು, ಗಟ್ಟಿ ಜೀವ, ಎಷ್ಟು ತೆಗೆದರೂ ಇರುತ್ತದೆ ಅಂದುಕೊಳ್ಳುತ್ತೀರಿ. ಇರುವುದಿಲ್ಲ. ಅವಳು ಬದುಕುವುದು ಒಂದು ಗೇಣು ದರಕಿನ ಮೇಲೆ. ಮಧ್ಯಾಹ್ನದ ಅರ್ಧ ಗಂಟೆ ನಿದ್ದೆ. ಅಕ್ಕಪಕ್ಕದವರ ಜೊತೆ ನಾಲ್ಕು ಮಾತು. ಬಿಸಿಯಿರುವಾಗಲೇ ಒಂದು ಲೋಟ ಚಹಾ. ನೀವು ಅದನ್ನು ಕಸ ಅಂದಿರಿ. ಸುಮ್ಮನೆ ಕೂತಿದ್ದೀಯಲ್ಲ, ಆ ಬಟ್ಟೆ ಮಡಚಬಾರದಾ ಅಂದಿರಿ. ನೀವು ಕೆಟ್ಟವರಲ್ಲ, ಸಾಹುಕಾರನೂ ಕೆಟ್ಟವನಲ್ಲ. ಚೊಕ್ಕಟವಾಗಿ ಗುಡಿಸಿದಿರಿ, ಅಷ್ಟೇ. ಅವಳು ಬಾಡಿದಾಗ ಏನು ಮಾಡಿದಿರಿ? ಲಾರಿಯಲ್ಲಿ ಸುಣ್ಣ ತರಿಸಿದಿರಿ. ವರ್ಷಕ್ಕೊಂದು ಸೀರೆ, ಒಂದು ತೀರ್ಥಯಾತ್ರೆ. ಮರುದಿನ ಬೆಳಿಗ್ಗೆ ಐದಕ್ಕೆ ಅವಳೇ ಎದ್ದಳು, ಎಲ್ಲ ತೊಳೆದು ಹೋಯಿತು.

ಸೀರೆ ಕೊಡಬೇಡಿ ಅನ್ನುತ್ತಿಲ್ಲ. ಮೊದಲು ಪೊರಕೆ ಕೆಳಗಿಡಿ. ನಾಳೆಯಿಂದ ಅವಳ ದಿನದಲ್ಲಿ ಒಂದು ಗಂಟೆ ಯಾರೂ ಮುಟ್ಟಬಾರದು. ಆ ಗಂಟೆಯಲ್ಲಿ ಏನು ಮಾಡಿದೆ ಎಂದು ಕೇಳಲೂಬಾರದು. ಅವಳು ತಿನ್ನುವವರೆಗೆ ಪಾತ್ರೆಯ ತಳ ಕೆರೆಯಬೇಡಿ. ಒಂದು ತಿಂಗಳಲ್ಲಿ ಮುಖ ಅರಳಲಿಲ್ಲ ಎಂದು ಬಂದು ನನಗೆ ದೂರು ಹೇಳಬೇಡಿ. ಅವನಿಗೆ ಎಷ್ಟು ಮಳೆಗಾಲ ಬೇಕಾಯಿತು?

ಮಾತು ಮುಗಿಯಿತು. ಆದರೆ ಇಷ್ಟು ಹೊತ್ತು ನಾನು ಹೇಳಿದ್ದು ಯಾರ ಬಗ್ಗೆಯೋ ಅವರಲ್ಲಿ ಯಾರೂ ಇಲ್ಲಿಲ್ಲ. ಹಿಂದಿನ ಅಡುಗೆಮನೆಯಲ್ಲಿ ಒಂಬತ್ತು ಜನ ನಿಮಗಾಗಿ ಸಾರು ಕುದಿಸುತ್ತಿದ್ದಾರೆ. ಬೆಳಿಗ್ಗೆಯಿಂದ ಕೂತಿಲ್ಲ. ಇವತ್ತು ಮೊದಲ ಪಂಕ್ತಿ ಅವರದು. ಎಲೆ ಹಾಕುವವರು ನೀವು, ಬಡಿಸುವವರು ನೀವು, ಪಾತ್ರೆ ತೊಳೆಯುವವರೂ ನೀವೇ. ನನ್ನ ಕಾಲಿಗೆ ನಮಸ್ಕಾರ ಮಾಡಲು ಯಾರೂ ಸಾಲು ನಿಲ್ಲಬೇಡಿ, ನಾನೂ ಸೌಟು ಹಿಡಿಯುತ್ತೇನೆ. ಏಳಿ.