ಟೈಲರಮ್ಮನ ಬಲಗಿವಿ

ಅಯ್ಯೋ ಬೇಡ ಮೇಡಂ, ಬೇಡ! ಚೀಲ ತೆಗೀರಿ ಕೌಂಟರ್ ಮೇಲಿಂದ. 'ಯಾರಿಗಾದ್ರೂ ಕೊಟ್ಬಿಡಿ' ಅನ್ನೋಕೆ ಇದೇನು ಹಳೇ ಸ್ವೆಟರಾ? ಕಿವಿ ಮೆಷಿನ್ ಇದು. ಒಬ್ಬರ ಕಿವಿಗೆ ಅಂತ ಕೂರಿಸಿದ್ದನ್ನ ಇನ್ನೊಬ್ಬರಿಗೆ... ಕೂತ್ಕೊಳ್ಳಿ ಮೊದಲು. ಟೈಲರಮ್ಮನ ಮಗಳು ನನ್ನ ಅಂಗಡೀಲಿ ನಿಂತ್ಕೊಂಡು ಮಾತಾಡೋದಾ? ಚೆನ್ನಾಗಿರುತ್ತಾ?

ಗಾಡೀಲಿ ಅಮ್ಮ ಕಾಯ್ತಿದ್ದಾರಾ? ಎಲ್ಲಿ... ಹ್ಞಾ, ಕಾಣ್ತಿದ್ದಾರೆ. ತೊಡೆ ಮೇಲೆ ಪೆಟ್ಟಿಗೆ ಬೇರೆ. ಎಲ್ಲಿಗೆ ಪ್ರಯಾಣ? ... ಓ. ಮರೆವಿನವರನ್ನ ನೋಡ್ಕೊಳ್ತಾರಲ್ಲ, ಆ ಮನೆಗಾ? ಇವತ್ತೇ ಸೇರಿಸ್ತಿದ್ದೀರಾ? ಇವತ್ತೇನಾ?

ಅಲ್ಲ... ಅಷ್ಟು ಅವಸರ ಏನಿತ್ತು ಅಂತ. ಸರಿ ಸರಿ, ನಿಮ್ಮನೆ ವಿಷಯ. ನಾನ್ಯಾರು ಹೇಳೋಕೆ.

ಆದ್ರೆ ಮೆಷಿನ್ ಕಳಿಸಿ ಮೇಡಂ, ಅದು ಮಾತ್ರ ಕಳಿಸಿ. ಅಲ್ಲಿ ಯಾರೂ ಹಾಕಿ ತೆಗೆಯಲ್ಲ ಅಂದ್ರಾ? ಹಾಕಿದ್ರೂ ಒಂದೇ ಬಿಟ್ರೂ ಒಂದೇ ಅಂದ್ರಾ? ಅದೆಲ್ಲ ನಾನು ಒಪ್ಪಲ್ಲ. ಏನೇನಿದೆ ಚೀಲದಲ್ಲಿ, ಸುರೀರಿ ನೋಡೋಣ.

ಅಯ್ಯಯ್ಯೋ, ಇದೇನಿದು! ಫೋನಲ್ಲಿ ತರಿಸಿದ್ರಾ? ನೋಡಿ, ನೋಡಿ, ಇಲ್ಲೇ ನೀವೆಲ್ಲ ಎಡವೋದು! ಕಿವಿ ಒಳಗೆ ಕೂರೋ ಈ ರಬ್ಬರ್ ಟೋಪಿ ಬೇರೆ ಕಂಪನಿದು. ಕೂರುತ್ತೆ, ಇಲ್ಲ ಅನ್ನಲ್ಲ. ರಾತ್ರಿ ಮೆಷಿನ್ ತೆಗೆದ್ರೆ ಟೋಪಿ ಕಿವಿ ಒಳಗೇ ಉಳ್ಕೊಳ್ಳುತ್ತೆ, ಅಷ್ಟೇ! ಕಿವಿ ಗುಗ್ಗೆ ತಡೆಯೋ ಫಿಲ್ಟರೂ ಅಷ್ಟೇ, ಒಂದೊಂದು ಕಂಪನಿಗೆ ಒಂದೊಂದು. ಕಣ್ಣಿಗೆ ಎಲ್ಲಾ ಬಿಳೀ ಸಾಸಿವೆ. ಮತ್ತೆ ಈ ಸೆಲ್ಲು... ಯಾರಮ್ಮಾ ಎಲ್ಲಾದರ ಸ್ಟಿಕ್ಕರ್ ಕಿತ್ತಿಟ್ಟಿದ್ದು? ಗಾಳಿ ತಾಗಿದ್ರೆ ಚಾಲೂ ಆಗೋ ಸೆಲ್ಲು ಇದು! ಸ್ಟಿಕ್ಕರ್ ಕಿತ್ತ ಗಳಿಗೆಯಿಂದ ಖಾಲಿ ಆಗ್ತಾ ಹೋಗುತ್ತೆ, ಮೆಷಿನ್‌ಗೆ ಹಾಕಿದ್ರೂ, ಡಬ್ಬೀಲಿಟ್ರೂ.

ಯಾಕೆ ನಗ್ತೀರಾ? ... ನೀವೇ ಕಿತ್ತಿದ್ದಾ? ಅಮ್ಮನಿಗೆ ಸುಲಭ ಆಗ್ಲಿ ಅಂತ? ಒಳ್ಳೇ ಕೆಲಸ ಮಾಡಿದ್ರಿ.

ಇಪ್ಪತ್ತೆರಡು ವರ್ಷ ಮೇಡಂ. ಇಪ್ಪತ್ತೆರಡು ವರ್ಷದಿಂದ ಇದನ್ನೇ ಬಡ್ಕೊಳ್ತಿದ್ದೀನಿ. ಕೂತ್ರೆ ಸಾಲದು, ಆ ಕಿವಿಗೆ ಸರಿ ಇರ್ಬೇಕು. ಯಾರು ಕೇಳ್ತಾರೆ? ನನ್ನ ಅಂಗಡಿಗೆ ಬರೋರಿಗೆಲ್ಲ ಕಿವಿ ಕೇಳಲ್ಲ, ಅವರನ್ನ ಕರ್ಕೊಂಡು ಬರೋರು ಕೇಳೋದೇ ಇಲ್ಲ. ಇವತ್ತಿನವರೆಗೆ ಒಂದೇ ಒಂದು ಭಾಗ ತಪ್ಪಿ ಹಾಕಿದ ದಾಖಲೆ ಇಲ್ಲ ನನ್ನದು. ಬೇಕಾದ್ರೆ ಯಾರನ್ನಾದ್ರೂ ಕೇಳಿ.

ಕೊಡಿ ಮೆಷಿನ್. ಒರೆಸಿ ಕೊಡ್ತೀನಿ. ಎರಡೇ ನಿಮಿಷ. ನೀವು ಗೋಡೆ ಮೇಲೆ ಕಿವಿ ಚಿತ್ರ ಇದೆಯಲ್ಲ, ಅದನ್ನ ನೋಡ್ತಿರಿ. ಬಹಳ ಚೆನ್ನಾಗಿದೆ.

... ನೋಡಿದ್ರಾ ಆಗ್ಲೇ? ಇನ್ನೊಂದ್ಸಲ ನೋಡಿ.

ಟೈಲರಮ್ಮ ಅಂದ್ರೆ ಎಂಥಾ ಕೈ ಮೇಡಂ! ನಾನು ಹಾಕ್ಕೊಂಡಿರೋ ಈ ಪ್ಯಾಂಟು ಅವರೇ ಹೊಲಿದಿದ್ದು, ಹೊಟ್ಟೆ ಎರಡು ಇಂಚು ಬೆಳೆದ್ರೂ ಇನ್ನೂ ಕೂರುತ್ತೆ. ಅಂಥವರು ಮೂವತ್ನಾಲ್ಕು ಅಂದ್ರೆ ನಲವತ್ನಾಲ್ಕು ಕತ್ತರಿಸಿದ್ರು ಅಂತ ನೀವು ಹೇಳಿದಾಗ ನನಗೇ ಪಿಚ್ಚೆನಿಸ್ತು. ಗಿರಾಕಿ ಒಬ್ಬೊಬ್ಬರೇ ಬಿಟ್ಟೋದ್ರು ಅಂದ್ರಿ. ಕರೆದ್ರೆ ತಿರುಗಲ್ಲ, ಒಂದು ಕೇಳಿದ್ರೆ ಇನ್ನೊಂದು ಹೇಳ್ತಾರೆ ಅಂದ್ರಿ. ತಲೆ ಡಾಕ್ಟರಿಗೆ ತೋರಿಸಿ ಅಂತ ಹೇಳ್ದವನು ನಾನೇ, ಅಲ್ವಾ? ಮೆಷಿನ್ ಸರಿ ಇದೆ, ಕಿವಿಗೆ ಬೀಳುತ್ತೆ, ತಲೆಗೆ ಹೋಗ್ತಿಲ್ಲ ಅಂದೆ. ಡಾಕ್ಟರು ಮಾಸ್ಕ್ ಹಾಕ್ಕೊಂಡೇ ಪ್ರಶ್ನೆ ಕೇಳಿದ್ರು ಅಂದ್ರಲ್ಲ. ಹತ್ತರಲ್ಲಿ ಏಳು ತಪ್ಪು. ಹ್ಞೂಂ... ಏಳು.

ಆಯ್ತು ನೋಡಿ! ಹೊಸ ಸೆಲ್ಲು, ಹೊಸ ಟೋಪಿ, ಹೊಸ ಫಿಲ್ಟರು, ಜೊತೆಗೆ ಕಿವಿ ಒಳಗೆ ಹೋಗೋ ವೈರೂ ಬದಲಾಯಿಸಿಬಿಟ್ಟೆ. ಹಳೇದು ಸ್ವಲ್ಪ ಬಾಗಿತ್ತು, ಅಷ್ಟೇ. ಏನೂ ಕೊಡ್ಬೇಡಿ, ಅಮ್ಮನಿಗೆ ನನ್ನ ಕಡೆಯಿಂದ. ಒಂದೇ ಒಂದು ಮಾತು ಕೇಳಿ ಮೇಡಂ. ಇವತ್ತು ಅಲ್ಲಿಗೆ ಹೋಗ್ಬೇಡಿ. ಇದನ್ನ ಹಾಕಿ, ಮನೆಗೆ ಕರ್ಕೊಂಡು ಹೋಗಿ, ಒಂದು ವಾರ ನೋಡಿ. ಒಂದೇ ವಾರ!

ಯಾಕೆ ಅಂದ್ರೆ... ಸುಮ್ನೆ. ನನ್ನ ಸಮಾಧಾನಕ್ಕೆ.

ಯಾಕೆ ಕೈ ಚಾಚಿದ್ದೀರಿ? ಮೆಷಿನ್ ಇಲ್ಲೇ ಇದೆಯಲ್ಲ, ತಗೊಳ್ಳಿ. ... ಹಳೇ ವೈರಾ? ಅದ್ಯಾಕೆ, ಕಸಕ್ಕೆ ಹಾಕ್ದೆ. ಜೇಬಲ್ಲಾ? ನನ್ನ ಜೇಬಲ್ಲಿ ಎಲ್ಲಿ... ಇದೆ. ಇಲ್ಲೇ ಇದೆ. ತಗೊಳ್ಳಿ.

ಅಷ್ಟು ಸಣ್ಣಕ್ಷರ ಓದಕ್ಕಾಗಲ್ಲ ಬಿಡಿ, ಭೂತಗನ್ನಡಿ ಬೇಕು... ಕಾಣ್ತಾ? ಹೌದು, ಅರವತ್ತು. ಹೊಸದರಲ್ಲಿ ನೂರು. ಹೌದು, ನೂರು.

ಹೇಳ್ತೀನಿ ಇರಿ. ತುದೀಲಿ ಇದೆಯಲ್ಲ ಪುಟ್ಟ ಸ್ಪೀಕರು, ಅದರ ಶಕ್ತಿ ಅದು. ಅಮ್ಮನ ಎಡಗಿವಿ ಮೊದಲೇ ಹೋಗಿದೆ. ಬಲಗಿವಿಗೆ ನೂರು ಬೇಕು. ಏಳು ತಿಂಗಳ ಹಿಂದೆ ಕನ್ನಡಕ ತೆಗೆಯೋವಾಗ ವೈರು ಕಿತ್ಕೊಂಡು ಬಂದ್ರಲ್ಲ, ಆವತ್ತು ನೂರು ಸ್ಟಾಕ್ ಇರ್ಲಿಲ್ಲ. ಅರವತ್ತು ಇತ್ತು. ಅದೇ ಉದ್ದ, ಅದೇ ಪಿನ್ನು, ಬಲಗಿವಿದು ಅನ್ನೋ ಅದೇ ಕೆಂಪು ಗುರುತು. ಟಕ್ ಅಂತ ಕೂತ್ಕೊಳ್ತು. ಕಂಪ್ಯೂಟರು ಪರದೆ ಮೇಲೆ ಹಳದಿ ಎಚ್ಚರಿಕೆ ತೋರಿಸ್ತು, 'ಈ ಭಾಗ ಈ ಕಿವಿಗೆ ಸಾಲದು, ಮುಂದುವರಿಸಲೇ' ಅಂತ. ಹೌದು ಅಂತ ಒತ್ತಿದೆ. ಎಂಟು ದಿನದ ಮಟ್ಟಿಗೆ ಅಂತ ಮೇಡಂ! ಮೆಷಿನ್ ಇಲ್ದೆ ಒಂದು ದಿನಾನೂ ಇರಲ್ಲ ಅಂತ ಅಮ್ಮ ಕಣ್ಣಲ್ಲಿ ನೀರು ಹಾಕ್ಕೊಂಡ್ರು. ನೂರರ ವೈರು ಬಂದ ತಕ್ಷಣ ಫೋನ್ ಮಾಡ್ಬೇಕು ಅಂತ ಚೀಟಿ ಬರೆದು ಇಲ್ಲೇ ಅಂಟಿಸಿದ್ದೆ. ಫ್ಯಾನ್ ಗಾಳಿಗೆ ಎಲ್ಲೋ ಬಿದ್ದೋಯ್ತು.

ಮರೆತೆ. ಮರೆತುಬಿಟ್ಟೆ ಮೇಡಂ. ಮರೆವು ಇದ್ದಿದ್ದು ನನಗೆ.

ಬೈದುಬಿಡಿ. ಅಂಗಡೀಲಿ ಯಾರೂ ಇಲ್ಲ. ... ಅಮ್ಮ ಬಂದಾಗೆಲ್ಲ ನಾನೇನೂ ಮಾಡ್ಲಿಲ್ಲ ಅಂತಲ್ಲ. ಒಂದ್ಸಲ ಟೋಪಿ ಕೊಟ್ಟೆ, ಒಂದ್ಸಲ ಫಿಲ್ಟರು, ಆಮೇಲೆ ತೇವ ಹೀರೋ ಡಬ್ಬಿ. 'ಎಲ್ಲೋ ಅಳತೆ ತಪ್ಪಿದೆ ಕಣಪ್ಪಾ' ಅಂತಿದ್ರು. ಬರೀ ಅದೇ ಮಾತು. ಟೈಲರ್ ಅಲ್ವಾ, ಎಲ್ಲಾದಕ್ಕೂ ಅಳತೆ ಅಂತಾರೆ ಅಂತ ನಕ್ಕೆ. ನೀವೂ ನಕ್ರಿ... ಇಲ್ಲ, ನಿಮ್ಮನ್ನ ಅನ್ನಲ್ಲ. ನೀವು ನನ್ನನ್ನ ನಂಬಿದ್ರಿ. ನಾನು ಮೆಷಿನ್ ಸರಿ ಇದೆ ಅಂದೆ, ನೀವು 'ಎಲ್ಲಾ ಮೆಷಿನ್ ಮೇಲೆ ಹಾಕ್ಬೇಡಮ್ಮಾ' ಅಂತ ಅವರನ್ನ ಗದರಿದ್ರಿ.

ಆದ್ರೆ ಗೊತ್ತಾದ ಕೂಡ್ಲೇ ಸರಿ ಮಾಡಿದೆ ತಾನೇ? ಈಗ, ನಿಮ್ಮ ಕಣ್ಣೆದುರಿಗೇ, ಮೆಷಿನ್ ಬಿಚ್ಚಿದ ಮೇಲೆ... ಆಣೆ ಮಾಡಿ ಹೇಳ್ತೀನಿ, ಇವತ್ತೇ...

ಏನ್ ನೋಡ್ತಿದ್ದೀರಿ?

... ಅದು ಖಾಲಿ ಪ್ಯಾಕೆಟ್ಟು ಮೇಡಂ. ನೂರರ ವೈರು ಬಂದಿದ್ದ ಪ್ಯಾಕೆಟ್ಟು. ಕೊಡಿ ಇಲ್ಲಿ. ... ಹೌದು, ಅಮ್ಮನ ಹೆಸರೇ. ನನ್ನ ಅಕ್ಷರವೇ. ಧೂಳಿಲ್ಲ, ಹೌದು... ಕೈಗೆ ಸಿಗೋ ಹಾಗೆ ನಾನೇ ಮೇಲಿನ ಡ್ರಾಯರಲ್ಲಿ ತೆಗೆದಿಟ್ಟಿದ್ದೆ.

ಹಾಗೆ ನೋಡ್ಬೇಡಿ ಮೇಡಂ.

ಸರಿ. ಇವತ್ತಲ್ಲ. ಎರಡು ತಿಂಗಳಾಯ್ತು. ಡಾಕ್ಟರ ರಿಪೋರ್ಟ್ ಹಿಡ್ಕೊಂಡು ನೀವಿಬ್ರೂ ಬಂದ್ರಲ್ಲ, ಆವತ್ತು ಬೆಳಿಗ್ಗೆ ಡ್ರಾಯರು ಒಪ್ಪ ಮಾಡೋವಾಗ ಸಿಕ್ತು. ಪ್ಯಾಕೆಟ್ ಮೇಲೆ ಅಮ್ಮನ ಹೆಸರು ನೋಡಿದ ತಕ್ಷಣ ಎಲ್ಲಾ ನೆನಪಾಯ್ತು. ನೀವು ಬಂದಾಗ ಹೇಳೋಣ ಅಂತಲೇ ಇದ್ದೆ. ಆದ್ರೆ ಬೆಂಚಿನ ಮೇಲೆ ಐದು ಜನ ಕೂತಿದ್ರು. ಅವರಿಗೆ ಅದೇ ತಾನೇ... ಇಪ್ಪತ್ತೆರಡು ವರ್ಷದಲ್ಲಿ ಒಂದೂ ತಪ್ಪಿಲ್ಲ ಅನ್ನೋ ಮಾತು ಹೇಳಿ ಮುಗಿಸಿದ್ದೆ. ಡಬ್ಬಿ ಕೊಟ್ಟು ಕಳಿಸಿದೆ. ನಾಳೆ ಫೋನ್ ಮಾಡೋಣ, ನಾಳೆ ಮಾಡೋಣ ಅಂತ...

ಅಮ್ಮ ಬಾಗಿಲ ತನಕ ಹೋಗಿ ತಿರುಗಿ ನೋಡಿದ್ರು. 'ಅಳತೆ ಇನ್ನೊಂದ್ಸಲ ನೋಡಪ್ಪಾ' ಅಂದ್ರು. ನೀವು ಆಗ್ಲೇ ಮೆಟ್ಟಿಲು ಇಳಿದಿದ್ರಿ. ನನಗೆ ಕೇಳಿಸ್ತು ಮೇಡಂ. ಚೆನ್ನಾಗೇ ಕೇಳಿಸ್ತು. ಕೇಳಿಸ್ದೇ ಇರೋನ ಥರ ಮುಂದಿನ ಟೋಕನ್ ಕರೆದೆ.

... ಎಲ್ಲಿಗೆ ಎದ್ರಿ? ಬಾಗಿಲು ಯಾಕೆ ಹಿಡ್ಕೊಂಡು ನಿಂತ್ರಿ? ನಾನಾ? ಗಾಡಿ ಹತ್ರಾನಾ? ಬರ್ತೀನಿ, ಬರ್ತೀನಿ, ನಾನೇ ಹಾಕ್ತೀನಿ ಅವರ ಕಿವಿಗೆ, ಅದಕ್ಕೇನಂತೆ... ಇದನ್ನೂ ಹೇಳ್ಬೇಕಾ? ಅವರಿಗಾ? ನಾನೇ?

ಹೇಳ್ತೀನಿ. ಹೇಳಲ್ಲ ಅಂತ ಅಂದ್ನಾ?

ಆದ್ರೆ ಮೇಡಂ... ಮೊದಲು ಹೇಳಿಬಿಟ್ಟು, ಆಮೇಲೆ ಮೆಷಿನ್ ಹಾಕ್ಲಾ?